ದುಡಿಮೆ ಇಳಿಯಿತು, ಬಡಿಸುವ ಸೌಟು ಇಳಿಯಲಿಲ್ಲ

ಮಳೆಗಾಲ ಹಿಡಿದು ಕೂರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡಂಚಿನ ಮನೆಗಳಲ್ಲಿ ಉಪ್ಪಾಗೆಯ ಕೆಲಸ ಶುರುವಾಗುತ್ತದೆ. ಮರದಡಿ ಬಿದ್ದ ಹಳದಿ ಹಣ್ಣನ್ನು ಹೆಕ್ಕಿ ತಂದು, ಬೀಜ ಬಿಡಿಸಿ, ಸಿಪ್ಪೆಯನ್ನು ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಗೆ ಒಣಗಿಸುತ್ತಾರೆ. ಬೀಜದಿಂದ ತೆಗೆದ ಉಪ್ಪಾಗೆ ತುಪ್ಪ ಮನೆಯ ದೋಸೆಗೆ. ಕಪ್ಪಗೆ ಒಣಗಿದ ಸಿಪ್ಪೆ ಪೇಟೆಗೆ.

ಪೇಟೆಯಿಂದ ಮುಂದೆ ಆ ಸಿಪ್ಪೆ ಹೋಗುವ ದಾರಿ ಬಲು ದೂರದ್ದು. ಅದರ ಹುಳಿಯಲ್ಲಿ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂಬ ವಸ್ತುವಿದೆಯೆಂದು ವಿಜ್ಞಾನಿಗಳು 1965ರಲ್ಲೇ ಗುರುತಿಸಿದ್ದರು. ದೇಹ ಕೊಬ್ಬನ್ನು ತಯಾರಿಸುವುದಕ್ಕೆ ಅದು ಅಡ್ಡಿ ಮಾಡುತ್ತದೆ ಎಂಬುದು ಪ್ರಯೋಗಾಲಯದಲ್ಲಿ ಕಂಡಿದ್ದೇ, ಅಮೆರಿಕದಲ್ಲೂ ಯುರೋಪಿನಲ್ಲೂ ತೂಕ ಇಳಿಸುವ ಮಾತ್ರೆಗಳಿಗೆ ಉಪ್ಪಾಗೆಯೇ ಕಚ್ಚಾವಸ್ತುವಾಯಿತು. ತೊಂಬತ್ತರ ದಶಕದಲ್ಲಿ ಬೇಡಿಕೆ ಏರಿ, ಬೆಲೆ ಏರಿ, ಉತ್ತರ ಕನ್ನಡದ ಘಟ್ಟದಲ್ಲಿ ಯಾರು ಮೊದಲು ಕೊಯ್ಯುತ್ತಾರೋ ಅವರದೇ ಹಣ್ಣು ಎಂಬಂತಾಯಿತು. ಕಾಯಿ ಹಣ್ಣಾಗುವ ಮೊದಲೇ ಟೊಂಗೆ ಕಡಿದರು. ಸಿಪ್ಪೆ ಒಣಗಿಸಲು ರಾಶಿ ರಾಶಿ ಸೌದೆ ಉರಿಯಿತು. ಕಾಡನ್ನು ನಂಬಿ ಬದುಕುವವರ ಕೈಗೆ ಎರಡು ಕಾಸು ಬಂದಿದ್ದೂ ನಿಜ, ಮರಗಳು ಸೊರಗಿದ್ದೂ ನಿಜ.

ಇಷ್ಟೆಲ್ಲ ಆದಮೇಲೆ ಆ ಮಾತ್ರೆ ಕೆಲಸ ಮಾಡಿತೇ? 1998ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ತೂಕ ಹೆಚ್ಚಿದ್ದ 135 ಮಂದಿಗೆ 12 ವಾರ ಒಂದೇ ಬಗೆಯ ಪಥ್ಯದ ಊಟ. ಅರ್ಧದಷ್ಟು ಜನರಿಗೆ ಉಪ್ಪಾಗೆ ಸತ್ವ, ಉಳಿದವರಿಗೆ ಸತ್ವವಿಲ್ಲದ ಸಪ್ಪೆ ಮಾತ್ರೆ. ಸತ್ವ ನುಂಗಿದವರು ಸರಾಸರಿ 3.2 ಕಿಲೋ ಇಳಿದರು, ಸಪ್ಪೆ ಮಾತ್ರೆ ನುಂಗಿದವರು 4.1 ಕಿಲೋ. ಎರಡೂ ಗುಂಪಿಗೆ ಕೆಲಸ ಮಾಡಿದ್ದು ಪಥ್ಯ. 2009ರಲ್ಲಿ, ಕೆಲವು ತಯಾರಿಕೆಗಳಲ್ಲಿ ಉಪ್ಪಾಗೆ ಸತ್ವವೂ ಇದ್ದ ಹೈಡ್ರಾಕ್ಸಿಕಟ್ ಎಂಬ ಮಾತ್ರೆಗಳಿಂದ ಯಕೃತ್ತಿಗೆ ಹಾನಿಯಾದ ವರದಿಗಳು ಬಂದು, ಅವುಗಳನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಕರೇ ಹೇಳಬೇಕಾಯಿತು.

ಈ ಕಥೆಯನ್ನು ಇಷ್ಟು ಉದ್ದಕ್ಕೆ ಹೇಳಲು ಕಾರಣವಿದೆ. ಜಗತ್ತಿಗೆ ಬೊಜ್ಜು ಇಳಿಸುವ ಹಣ್ಣು ಕಳಿಸಿಕೊಟ್ಟ ಇದೇ ಸೀಮೆಯಲ್ಲಿ ಈಗ ಬೊಜ್ಜು ಮನೆಮನೆಯ ಮಾತು. ಮದುವೆ ಮನೆಯ ಚಪ್ಪರದಲ್ಲಿ, ಸೊಸೈಟಿಯ ವಾರ್ಷಿಕ ಸಭೆಯಲ್ಲಿ, ಯಕ್ಷಗಾನದ ಮುಂದಿನ ಸಾಲಿನಲ್ಲಿ ಸುಮ್ಮನೆ ಕಣ್ಣು ಹಾಯಿಸಿದರೂ ಕಾಣುತ್ತದೆ. ಪೇಟೆಯ ಔಷಧ ಅಂಗಡಿಯಲ್ಲಿ ಅದಕ್ಕೆ ಪುಡಿ ಇದೆ, ಕಷಾಯ ಇದೆ, ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೆಳಿಗ್ಗೆ ಎದ್ದು ಕುಡಿಯುವ ಪೇಯಗಳ ಪಟ್ಟಿಯೇ ಇದೆ. ಕಾರಣವನ್ನು ಬಿಟ್ಟು ಔಷಧ ಹುಡುಕುವ ಈ ದಾರಿ ಎಲ್ಲಿಗೂ ಮುಟ್ಟಿಸುವುದಿಲ್ಲ ಎಂಬುದನ್ನು ಉಪ್ಪಾಗೆ ಆಗಲೇ ತೋರಿಸಿಕೊಟ್ಟಿದೆ.

ಮೊದಲು ನಾಡಿನ ಲೆಕ್ಕ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೆಯ ಸುತ್ತಿನಲ್ಲಿ, ಅಂದರೆ 2015-16ರಲ್ಲಿ, ಕರ್ನಾಟಕದ ಮಹಿಳೆಯರಲ್ಲಿ ಶೇ. 23ರಷ್ಟು, ಪುರುಷರಲ್ಲಿ ಶೇ. 22ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇತ್ತು. 2019-21ರ ಐದನೆಯ ಸುತ್ತಿನಲ್ಲಿ ಎರಡೂ ಶೇ. 30 ದಾಟಿದವು. ಮುವ್ವತ್ತು ವರ್ಷದಲ್ಲಿ ಆಗಬೇಕಿದ್ದ ಏರಿಕೆ ನಾಲ್ಕೈದು ವರ್ಷದಲ್ಲಿ ಆಗಿಹೋಯಿತು. ಇಷ್ಟು ಬೇಗ ಒಂದು ನಾಡಿನ ಜನರ ಗುಣ ಕೆಡುವುದಿಲ್ಲ, ವಂಶವಾಹಿಗಳು ಬದಲಾಗುವುದಿಲ್ಲ. ಬದಲಾದದ್ದು ಬದುಕುವ ರೀತಿ.

ಈ ಮೂರು ತಾಲ್ಲೂಕುಗಳಲ್ಲಿ ಆ ಬದಲಾವಣೆಯನ್ನು ಬೆರಳು ಮಾಡಿ ತೋರಿಸಬಹುದು. ಅಡಿಕೆ ತೋಟದ ವರ್ಷವೆಂದರೆ ಮೈಮುರಿತದ ವರ್ಷವಾಗಿತ್ತು. ಸೊಪ್ಪಿನ ಬೆಟ್ಟದಿಂದ ಸೊಪ್ಪು ಕಡಿದು ಹೊರೆ ಹೊತ್ತು ತರಬೇಕು, ದರಕು ಗುಡಿಸಿ ತುಂಬಬೇಕು, ಕೊಟ್ಟಿಗೆಯ ಗೊಬ್ಬರವನ್ನು ಬುಟ್ಟಿಯಲ್ಲಿ ತೋಟದ ತಳಕ್ಕೆ ಇಳಿಸಬೇಕು. ಮಳೆ ಶುರುವಾಗುವ ಮೊದಲು ಅಡಿಕೆ ಕೊನೆಗಳಿಗೆ ಕೊಟ್ಟೆ ಕಟ್ಟಬೇಕು ಇಲ್ಲವೇ ಬೋರ್ಡೋ ದ್ರಾವಣ ಹೊಡೆಯಬೇಕು. ಕೊನೆಗೌಡ ಮರದಿಂದ ಮರಕ್ಕೆ ಹಾರಿ ಕೊನೆ ಇಳಿಸಿದರೆ ಕೆಳಗಿದ್ದವರು ಹೊತ್ತು ಮನೆಗೆ ಹತ್ತಿಸಬೇಕು. ದೀಪ ಹಚ್ಚಿಕೊಂಡು ಸರಿರಾತ್ರಿಯವರೆಗೆ ಸುಲಿಯಬೇಕು, ಬೇಯಿಸಬೇಕು, ಒಣಗಿಸಬೇಕು. ಇದರ ಜೊತೆಗೆ ಗದ್ದೆ. ಹೆಂಗಸರಿಗೆ ಇದೆಲ್ಲದರ ಮೇಲೆ ಬಾವಿಯ ನೀರು, ಒರಳು, ಬೀಸುಕಲ್ಲು, ಕಡೆಗೋಲು, ಸೌದೆ, ಹತ್ತಾರು ಜನರ ಅಡುಗೆ. ಒಂದೊಂದು ಮನೆ ಒಂದೊಂದು ಗುಡ್ಡದ ಬುಡದಲ್ಲಿ ಇರುವುದರಿಂದ ಶಾಲೆಗೆ, ಅಂಚೆಗೆ, ಬಸ್ಸಿಗೆ ಎಲ್ಲದಕ್ಕೂ ಏರಿಳಿತದ ನಡಿಗೆ.

ಈಗ ಸುಲಿಯಲು ಯಂತ್ರ ಬಂದಿದೆ, ಕಳೆಗೆ ಕಟರ್ ಬಂದಿದೆ, ನೀರಿಗೆ ಪಂಪು. ನೆಲದ ಮೇಲೆ ನಿಂತೇ ಕೊನೆ ಇಳಿಸುವ, ಔಷಧ ಹೊಡೆಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಗೊಬ್ಬರ ಗಾಡಿಯಲ್ಲಿ ಅಂಗಳಕ್ಕೇ ಬರುತ್ತದೆ. ಹಿತ್ತಲ ಬಾಗಿಲಿನವರೆಗೆ ರಸ್ತೆ, ಅಂಗಳದಲ್ಲಿ ಬೈಕು, ಕೆಲವು ಮನೆಗಳಲ್ಲಿ ಕಾರು. ಗದ್ದೆಗಳು ಎಷ್ಟೋ ಕಡೆ ತೋಟವಾದವು, ಉಳಿದವು ಬೀಳುಬಿದ್ದವು. ಇದು ದೂರಬೇಕಾದ ಸಂಗತಿಯಲ್ಲ. ಮರದಿಂದ ಬಿದ್ದು ಸೊಂಟ ಮುರಿದುಕೊಂಡವರು, ಒರಳಿನ ಮುಂದೆ ಬೆನ್ನು ಸವೆಸಿದವರು ಇದ್ದ ಸೀಮೆ ಇದು. ಆ ಕಷ್ಟ ಕಡಿಮೆಯಾದದ್ದು ಒಳ್ಳೆಯದೇ. ಆದರೆ ದುಡಿಮೆ ಹೋದಷ್ಟು ವೇಗದಲ್ಲಿ ಊಟದ ಅಳತೆ ಇಳಿಯಲಿಲ್ಲ, ಬೊಜ್ಜಿನ ಬೇರು ಇರುವುದು ಇಲ್ಲಿ.

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯ 2020ರ ಲೆಕ್ಕದ ಪ್ರಕಾರ 65 ಕಿಲೋ ತೂಕದ, ಕಠಿಣ ದುಡಿಮೆಯ ಗಂಡಸಿಗೆ ದಿನಕ್ಕೆ ಬೇಕಾದ ಶಕ್ತಿ 3,470 ಕ್ಯಾಲೊರಿ. ಕೂತು ಕೆಲಸ ಮಾಡುವವನಿಗೆ 2,110 ಸಾಕು. 55 ಕಿಲೋ ತೂಕದ ಹೆಂಗಸಿಗೆ ಕಠಿಣ ದುಡಿಮೆಯಲ್ಲಿ 2,720, ಕೂತ ಕೆಲಸದಲ್ಲಿ 1,660. ಅಪ್ಪ ಅಡಿಕೆ ಕೊನೆ ಹೊತ್ತು ಉಂಡ ಊಟವನ್ನೇ ಮಗ ಲ್ಯಾಪ್‌ಟಾಪ್ ಮುಂದೆ ಕೂತು ಉಂಡರೆ ಸಾವಿರಕ್ಕೂ ಹೆಚ್ಚು ಕ್ಯಾಲೊರಿ ದಿನವೂ ಮಿಗುತ್ತದೆ. ಕೋವಿಡ್ ನಂತರ ಈ ಊರುಗಳ ಜಗಲಿಗೆ ಬೆಂಗಳೂರಿನ ಕಂಪನಿಗಳ ಕೆಲಸವೇ ಬಂದು ಕೂತಿದೆ. ಮಕ್ಕಳು ಮನೆಗೆ ಬಂದರೆಂಬ ಹಿಗ್ಗಿನಲ್ಲಿ ತಾಯಂದಿರು ಹೊತ್ತುಹೊತ್ತಿಗೆ ಬಿಸಿ ದೋಸೆ, ಬಿಸಿ ಬಜ್ಜಿ ಮಾಡಿ ಮೇಜಿಗೇ ತಂದುಕೊಡುತ್ತಾರೆ. ಪ್ರೀತಿ ತಪ್ಪಲ್ಲ. ಆದರೆ ಆ ಹುಡುಗ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಒಂಬತ್ತರವರೆಗೆ ಕುರ್ಚಿ ಬಿಟ್ಟು ಎದ್ದದ್ದು ಊಟಕ್ಕೆ ಮಾತ್ರ ಎಂಬುದನ್ನು ಯಾರಾದರೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲ.

ಇನ್ನು ತಟ್ಟೆಯ ವಿಷಯ. ಘಟ್ಟದ ಮೇಲಿನ ಅಡುಗೆಯನ್ನು ಹೊಗಳಿ ಬರೆದವರು ಬಹಳ ಮಂದಿ, ಅದಕ್ಕೆ ಆಧಾರವೂ ಇದೆ. ಒಂದೆಲಗದ ತಂಬುಳಿ, ಎಲವರಿಗೆ ಸೊಪ್ಪು, ಚಗತೆ ಸೊಪ್ಪಿನ ಪಲ್ಯ, ಅಪ್ಪೆಹುಳಿ, ಮೊಗೆಕಾಯಿ ಹುಳಿ, ಬಾಳೆದಿಂಡು, ಎಳೆ ಹಲಸು, ಕೆಸುವಿನ ಪತ್ರೊಡೆ, ಊಟದ ಕೊನೆಗೆ ನೀರು ಮಜ್ಜಿಗೆ: ಸೊಪ್ಪು ತರಕಾರಿಯಲ್ಲಿ ಇಷ್ಟು ವೈವಿಧ್ಯ ಇರುವ ಸೀಮೆಗಳು ಕಡಿಮೆ. ಆದರೆ ಇವೆಲ್ಲ ಕಲಸಿಕೊಳ್ಳುವುದಕ್ಕೆ ಇರುವಂಥವು, ಕಲಸುವುದು ಅನ್ನಕ್ಕೆ. ಬೆಳಿಗ್ಗೆ ಅಕ್ಕಿಯ ದೋಸೆ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಅವಲಕ್ಕಿ. ತಂಬುಳಿ, ಸಾರು, ಹುಳಿಯಲ್ಲಿ ಬೇಳೆಯ ಅಂಶ ತೀರಾ ತೆಳು. ಸಸ್ಯಾಹಾರಿ ಮನೆಗಳಲ್ಲಿ ಪ್ರೋಟೀನು ಬರಬೇಕಾದ್ದು ಬೇಳೆ, ಕಾಳು, ಹಾಲು, ಮೊಸರಿನಿಂದ. ಕೊಟ್ಟಿಗೆಯಲ್ಲಿ ಹಸು ಕಡಿಮೆಯಾದಂತೆ ಹಾಲು ಮಜ್ಜಿಗೆಯ ಬಳಕೆಯೂ ಇಳಿದಿದೆ. ಕುಮಟೆ, ಹೊನ್ನಾವರದಿಂದ ಘಟ್ಟ ಹತ್ತಿ ಬರುವ ಮೀನು ತಿನ್ನುವ ಮನೆಗಳು ಈ ವಿಷಯದಲ್ಲಿ ಒಂದು ಹೆಜ್ಜೆ ಮುಂದಿವೆ, ಸಾರಿನ ಮೀನು ಸಾರಿನಲ್ಲೇ ಉಳಿದು ಎಣ್ಣೆ ಬಾಣಲೆಗೆ ಬೀಳದಿದ್ದರೆ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನದ 2025ರ ವರದಿಯಂತೆ ಭಾರತೀಯರ ದಿನದ ಶಕ್ತಿಯಲ್ಲಿ ಶೇ. 62 ಬರುವುದು ಅಕ್ಕಿ, ಗೋಧಿ, ಸಕ್ಕರೆಯಂಥವುಗಳ ಶರ್ಕರಪಿಷ್ಟದಿಂದ. ಅದೇ ವರದಿಯ ಇನ್ನೊಂದು ಮಾತು ಸಿರಿಧಾನ್ಯದ ಹುಚ್ಚು ಹಿಡಿದವರೆಲ್ಲ ಓದಬೇಕಾದದ್ದು. ಅನ್ನ ಬಿಟ್ಟು ಅಷ್ಟೇ ಪ್ರಮಾಣದ ಗೋಧಿ ಹಿಟ್ಟು ಅಥವಾ ರಾಗಿ ಹಿಟ್ಟು ತಿಂದರೆ ಸಕ್ಕರೆ ಕಾಯಿಲೆಯ ಅಪಾಯ ಇಳಿಯುವುದಿಲ್ಲ. ಶರ್ಕರಪಿಷ್ಟದ ಒಟ್ಟು ಪ್ರಮಾಣ ತಗ್ಗಬೇಕು, ಆ ಜಾಗಕ್ಕೆ ಬೇಳೆ, ಕಾಳು, ಹಾಲು, ಮೀನು ಬರಬೇಕು. 2024ರ ಮೇ ತಿಂಗಳಲ್ಲಿ ಬಂದ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಹೇಳುವ ಒಂದು ದಿನದ ತಟ್ಟೆ ಹೀಗಿದೆ: ಧಾನ್ಯ ಎಲ್ಲ ಸೇರಿ 250 ಗ್ರಾಂ, ಬೇಳೆಕಾಳು 85 ಗ್ರಾಂ, ತರಕಾರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು 300 ಮಿಲಿ. ಧಾನ್ಯ ಇನ್ನೂರೈವತ್ತು ಗ್ರಾಂ ಎಂದರೆ ಬೆಳಗಿನ ದೋಸೆಯ ಹಿಟ್ಟಿನ ಅಕ್ಕಿಯೂ ಅದರಲ್ಲಿ ಸೇರಿತು.

ಎಣ್ಣೆ, ತುಪ್ಪ, ಬೆಣ್ಣೆ ಎಲ್ಲ ಸೇರಿ ಆ ತಟ್ಟೆಯಲ್ಲಿರುವುದು 27 ಗ್ರಾಂ. ನಾಲ್ಕು ಜನರ ಮನೆಗೆ ತಿಂಗಳಿಗೆ ಮೂರೂಕಾಲು ಕಿಲೋ. ಮನೆಯ ದಿನಸಿ ಚೀಟಿ ನೋಡಿ ಯಾರು ಬೇಕಾದರೂ ತಾಳೆ ಹಾಕಿಕೊಳ್ಳಬಹುದು. ಇಲ್ಲಿ ಮಳೆಗಾಲದ ನಾಲ್ಕು ತಿಂಗಳು ಹಲಸಿನ ಹಪ್ಪಳ, ಬಾಳೆಕಾಯಿ ಚಿಪ್ಸು, ಸಂಡಿಗೆ ಕರಿಯುವ ಬಾಣಲೆ ಒಲೆಯಿಂದ ಇಳಿಯುವುದೇ ಅಪರೂಪ. ಹೊರಗೆ ಕಾಲಿಡಲು ಬಿಡದ ಮಳೆ, ಉಂಬಳ ಕಚ್ಚುವ ಹಾದಿ, ಒಳಗೆ ಬಿಸಿ ಎಣ್ಣೆಯ ಪರಿಮಳ. ವರ್ಷದ ತೂಕ ಏರುವುದು ಆ ನಾಲ್ಕು ತಿಂಗಳಲ್ಲಿ ಎಂದು ಊರವರೇ ಹೇಳುತ್ತಾರೆ. ಸಿದ್ದಾಪುರದ ಕಡೆ ಬೇಸಿಗೆಯಲ್ಲೂ ಈಗ ಕಾಡಿನ ದಾರಿ ಸುಲಭವಲ್ಲ, ಮಂಗನ ಕಾಯಿಲೆಯ ಭಯದಿಂದ ಬೆಟ್ಟಕ್ಕೆ ಹೋಗುವವರು ಕಡಿಮೆಯಾಗಿದ್ದಾರೆ.

ಸಿಹಿಯ ವಿಷಯದಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಸಕ್ಕರೆ ವಿಷ, ಬೆಲ್ಲ ಅಮೃತ ಎಂಬುದು. ಆಲೆಮನೆಯ ಬಿಸಿ ಜೋನಿಬೆಲ್ಲಕ್ಕೆ ಸಮನಾದ ರುಚಿ ಇನ್ನೊಂದಿಲ್ಲ, ತೊಡದೇವು ಮಾಡುವ ಕೈಗಳ ಕಸುಬಿಗೆ ಎರಡು ಮಾತಿಲ್ಲ. ಆದರೆ ದೇಹದ ಮಟ್ಟಿಗೆ ಬೆಲ್ಲವೂ ಸಕ್ಕರೆಯೇ. ದೋಸೆಯ ಮೇಲೆ ಧಾರಾಳವಾಗಿ ಸುರಿದ ಜೋನಿಬೆಲ್ಲ ಆರೋಗ್ಯದ ಖಾತೆಗೆ ಹೋಗುವುದಿಲ್ಲ. ದಿನಕ್ಕೆ 25 ಗ್ರಾಂ ದಾಟದಿದ್ದರೆ ಒಳ್ಳೆಯದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ಎರಡೆರಡು ಚಮಚ ಸಕ್ಕರೆಯ ಐದು ಲೋಟ ಚಹಾ ಕುಡಿದವರು 50 ಗ್ರಾಂ ಮುಟ್ಟಿಬಿಡುತ್ತಾರೆ. ಮನೆಗೆ ಬಂದವರನ್ನು ಆಸರಿಗೆ, ಅಂದರೆ ಬಾಯಾರಿಕೆಗೆ, ಏನು ಬೇಕೆಂದು ಕೇಳದೆ ಕಳಿಸುವ ರೂಢಿ ಇಲ್ಲಿಲ್ಲ, ಕೇಳಿಸಿಕೊಂಡವರು ಬೇಡವೆನ್ನುವ ರೂಢಿಯೂ ಇಲ್ಲ. ಹಿಂದೆ ಆ ಆಸರಿಗೆ ಎಂದರೆ ಬೆಲ್ಲದ ತುಂಡಿನ ಜೊತೆ ನೀರು, ಮಜ್ಜಿಗೆ, ಮುರುಗಲು ಪಾನಕ. ಈಗ ಫ್ರಿಜ್ಜಿನಿಂದ ಬಣ್ಣದ ಬಾಟಲಿ ಹೊರಬರುತ್ತದೆ. ಉಪ್ಪು ಜೀರಿಗೆ ಹಾಕಿದ ಮಜ್ಜಿಗೆ ಕೊಟ್ಟರೆ ಉಪಚಾರಕ್ಕೆ ಏನೂ ಕೊರತೆಯಾಗುವುದಿಲ್ಲ.

ಊಟದ ಪಂಕ್ತಿಯ ಒತ್ತಾಯದ ಬಗ್ಗೆ ಇಲ್ಲಿಯವರು ಮನಸ್ಸು ಬಿಚ್ಚಿ ಮಾತಾಡುವ ಕಾಲ ಬಂದಿದೆ. ಬೇಡ ಎಂದು ಎಲೆಗೆ ಅಡ್ಡ ಕೈ ಇಟ್ಟವರ ಬೆರಳ ಸಂದಿಯಲ್ಲೇ ಹೋಳಿಗೆ ಇಳಿಸುವುದು, ಹತ್ತು ಜಿಲೇಬಿ ತಿಂದವರನ್ನು ಹುರಿದುಂಬಿಸಿ ಹನ್ನೊಂದನೆಯದು ಹಾಕುವುದು ಅಕ್ಕರೆಯ ಗುರುತು ಎಂದುಕೊಂಡಿದ್ದೇವೆ. ವರ್ಷಕ್ಕೆ ಒಂದೆರಡು ಸಲ ಸಿಹಿ ಕಾಣುತ್ತಿದ್ದ, ದಿನವಿಡೀ ದುಡಿಯುತ್ತಿದ್ದ ಕಾಲದ ಅಕ್ಕರೆ ಅದು. ಮದುವೆ, ಉಪನಯನ, ಗೃಹಪ್ರವೇಶ, ಶ್ರಾದ್ಧ, ಅರವತ್ತರ ಶಾಂತಿ ಎಂದು ತಿಂಗಳಿಗೆ ನಾಲ್ಕೈದು ಕಡೆ ಎಲೆ ಹಾಕುವ ಇಂದಿನ ದಿನಗಳಲ್ಲಿ, ಪಂಕ್ತಿಯಲ್ಲಿ ಕೂತ ಅರ್ಧ ಜನ ಸಕ್ಕರೆ ಕಾಯಿಲೆಯ ಮಾತ್ರೆ ಜೇಬಿನಲ್ಲಿಟ್ಟುಕೊಂಡು ಬಂದಿರುವಾಗ, ಬೇಡ ಎಂದವರಿಗೆ ಬಡಿಸದಿರುವುದೇ ಮರ್ಯಾದೆ. ಬಾಣಂತನಕ್ಕೂ ಇದೇ ಮಾತು. ತೋಟಗದ್ದೆಯ ದುಡಿಮೆಗೆ ಮರಳಬೇಕಿದ್ದ ಬಾಣಂತಿಗೆ ಕೊಡುತ್ತಿದ್ದ ತುಪ್ಪದ ಲೇಹವನ್ನು, ತಿಂಗಳುಗಟ್ಟಲೆ ಮಂಚ ಬಿಟ್ಟು ಇಳಿಯದ ಮಗಳಿಗೆ ಅದೇ ಅಳತೆಯಲ್ಲಿ ತಿನ್ನಿಸಿದರೆ ಏರಿದ ತೂಕ ಸುಲಭಕ್ಕೆ ಇಳಿಯುವುದಿಲ್ಲ.

ಬೊಜ್ಜು ಎಂದರೆ ಗುಂಡಗಿರುವುದು ಎಂದು ತಿಳಿಯುವುದೂ ತಪ್ಪು. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದ ಮಧ್ಯವಯಸ್ಕರನ್ನು ಈ ಸೀಮೆಯಲ್ಲಿ ಯಾರೂ ದಪ್ಪ ಎನ್ನುವುದಿಲ್ಲ. ಅಪಾಯ ಹೆಚ್ಚು ಇರುವುದು ಅಂಥವರಿಗೇ. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕ್ ಮತ್ತು ಬ್ರಿಟನ್ನಿನ ಜಾನ್ ಯುಡ್ಕಿನ್ ಎಂಬ ಇಬ್ಬರು ವೈದ್ಯರು 2004ರಲ್ಲಿ ತಮ್ಮನ್ನೇ ಅಳೆದುಕೊಂಡು ಪ್ರಕಟಿಸಿದ ಒಂದು ಚಿತ್ರ ವೈದ್ಯಲೋಕದಲ್ಲಿ ಪ್ರಸಿದ್ಧ. ಇಬ್ಬರ ಎತ್ತರ-ತೂಕದ ಸೂಚ್ಯಂಕವೂ 22.3. ಆದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರ ಮೈಯಲ್ಲಿ ಶೇ. 21.2. ಇದಕ್ಕೆ ಸಂಬಂಧಿಸಿದ ಮಹತ್ವದ ಸಂಶೋಧನೆ ನಮ್ಮ ಮೈಸೂರಿನಲ್ಲೇ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ, ಮೈಸೂರಿಗರು ಮಿಷನ್ ಆಸ್ಪತ್ರೆ ಎನ್ನುವುದು, 1934ರಿಂದ ಹುಟ್ಟಿದ ಮಕ್ಕಳ ತೂಕ ಬರೆದಿಟ್ಟಿತ್ತು. ಆ ಹಳೆಯ ದಾಖಲೆ ಹಿಡಿದು, ದೊಡ್ಡವರಾದ ಆ ಮಕ್ಕಳನ್ನು ಹುಡುಕಿ ಪರೀಕ್ಷಿಸಿದಾಗ, ತಾಯಿಯ ಹೊಟ್ಟೆಯಲ್ಲಿ ಸರಿಯಾಗಿ ಬೆಳೆಯದೆ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಮುಂದೆ ಹೃದಯದ ಕಾಯಿಲೆ ಹೆಚ್ಚಿದ್ದದ್ದು 1996ರಲ್ಲಿ ಪ್ರಕಟವಾಯಿತು. ಹಸಿವಿನಲ್ಲಿ ಬೆಳೆದ ಶಿಶುವಿನ ದೇಹ ಸಿಕ್ಕಿದ್ದನ್ನು ಕೂಡಿಡಲು ಕಲಿತಿರುತ್ತದೆ, ಸಮೃದ್ಧಿ ಬಂದಾಗ ಅದೇ ಮುಳುವಾಗುತ್ತದೆ ಎಂಬುದು ಇಂಥ ಅಧ್ಯಯನಗಳಿಂದ ಬೆಳೆದ ತಿಳಿವಳಿಕೆ. ಆದ್ದರಿಂದಲೇ ಏಷ್ಯಾದವರಿಗೆ ಸೂಚ್ಯಂಕ 25 ಅಲ್ಲ, 23 ದಾಟಿದರೇ ಎಚ್ಚರ ಎಂದು ವೈದ್ಯರು ಹೇಳುವುದು.

ಈ ಮಾತು ಉಳ್ಳವರ ಕಾಯಿಲೆಯ ಮಾತಾಗಿ ಉಳಿಯದಿರಲಿ. ಯಲ್ಲಾಪುರದ ಕಾಡಿನ ಸಿದ್ದಿ ಕೇರಿಗಳು, ಗೌಳಿವಾಡಗಳು, ತೋಟಕ್ಕೆ ದುಡಿಯಲು ಬರುವ ಕುಟುಂಬಗಳೂ ಇದೇ ತಾಲ್ಲೂಕಿನವು. ಐದನೆಯ ಸುತ್ತಿನ ಅದೇ ಸಮೀಕ್ಷೆ ಕರ್ನಾಟಕದ ಮಹಿಳೆಯರಲ್ಲಿ ಅರ್ಧಕ್ಕೆ ಸಮೀಪ ರಕ್ತಹೀನರು, ಐದು ವರ್ಷದೊಳಗಿನ ಮಕ್ಕಳಲ್ಲಿ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಮಂದಿ ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು ಎಂದಿದೆ. ಮೈಸೂರಿನ ದಾಖಲೆಗಳ ಪ್ರಕಾರ ನೋಡಿದರೆ ಹೀಗೆ ಕೊರತೆಯಲ್ಲಿ ಹುಟ್ಟಿದ ಮಕ್ಕಳಿಗೇ ನಾಳೆ ಹೃದಯದ ಕಾಯಿಲೆಯ ಅಪಾಯ ಹೆಚ್ಚು. ಸರಿಯಾದ ಊಟ ಸಿಗದ ಆ ಮಗುವಿನ ಕೈಗೆ ಕಾಡಿನ ನಡುವಿನ ಗೂಡಂಗಡಿಯಲ್ಲೂ ಐದು ರೂಪಾಯಿಯ ಕುರುಕಲು ಪೊಟ್ಟಣ ಸಿಗುತ್ತದೆ. ಬಾಳೆಹಣ್ಣಿಗಿಂತ ಅದು ಸುಲಭ, ಹಾಳಾಗುವುದಿಲ್ಲ, ಅಂಗಡಿಯವನಿಗೆ ಲಾಭ. ಬಡವರ ಮನೆಯ ಬೊಜ್ಜು ಮತ್ತು ಬಡವರ ಮನೆಯ ರಕ್ತಹೀನತೆ ಒಂದೇ ತಟ್ಟೆಯ ಎರಡು ಕೊರತೆಗಳು.

ಹಾಗಾಗಿ ಎಲ್ಲ ಹೊಣೆಯನ್ನೂ ತಿನ್ನುವವರ ನಾಲಿಗೆಯ ಮೇಲೆ ಹೊರಿಸುವುದು ನ್ಯಾಯವಲ್ಲ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರ ಬದಲಾದಾಗ ಸಿಹಿ ಸೋಡಾ ಪಾನೀಯಗಳು ಶೇ. 40ರಲ್ಲೇ ಉಳಿದದ್ದು ಸರಿಯಾದ ತೀರ್ಮಾನ. ಅದೇ ದಿನ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮು ಶೇ. 18ರಿಂದ 5ಕ್ಕೆ, ಪೊಟ್ಟಣದ ಖಾರದ ತಿಂಡಿ, ದಿಢೀರ್ ನೂಡಲ್ಸು ಶೇ. 12ರಿಂದ 5ಕ್ಕೆ ಇಳಿದವು. ಎಣ್ಣೆ ಬಳಕೆ ಶೇ. 10ರಷ್ಟು ಇಳಿಸಿ ಎಂದು ಅದೇ ವರ್ಷದ ಫೆಬ್ರುವರಿಯಲ್ಲಿ ಪ್ರಧಾನಿಯವರು ಮನ್ ಕೀ ಬಾತ್ ಭಾಷಣದಲ್ಲಿ ಕೇಳಿಕೊಂಡಿದ್ದರು. ಒಂದು ಕೈಯಲ್ಲಿ ಉಪದೇಶ, ಇನ್ನೊಂದು ಕೈಯಲ್ಲಿ ಅಗ್ಗದ ಪೊಟ್ಟಣ ಕೊಟ್ಟರೆ ಗೆಲ್ಲುವುದು ಪೊಟ್ಟಣವೇ. ಪಕ್ಕದ ಕೇರಳ 2016ರಲ್ಲಿ ಬ್ರಾಂಡೆಡ್ ಬರ್ಗರ್, ಪಿಜ್ಜಾಗಳ ಮೇಲೆ ಶೇ. 14.5ರ ತೆರಿಗೆ ಹಾಕಿತ್ತು, ಮರುವರ್ಷ ಜಿಎಸ್‌ಟಿ ಬಂದು ಅದು ಕರಗಿತು.

ಪೊಟ್ಟಣದ ಮುಖದ ಮೇಲೆಯೇ ಎಚ್ಚರಿಕೆ ಇರಬೇಕೆಂಬ ಮಾತಿನ ಗತಿಯೂ ಹೀಗೇ. ಚಿಲಿ ದೇಶ 2016ರಲ್ಲಿ ಸಕ್ಕರೆ, ಉಪ್ಪು, ಕೊಬ್ಬು ಮಿತಿಮೀರಿದ ತಿನಿಸುಗಳ ಮೇಲೆ ಕಪ್ಪು ಎಂಟುಮೂಲೆಯ ಗುರುತು ಕಡ್ಡಾಯ ಮಾಡಿತು, ಮಕ್ಕಳಿಗೆ ತೋರಿಸುವ ಜಾಹೀರಾತು ನಿಲ್ಲಿಸಿತು. ಸಕ್ಕರೆ ಮಿತಿಮೀರಿದ ಪಾನೀಯಗಳ ಖರೀದಿ ಸುಮಾರು ಕಾಲುಭಾಗ ಇಳಿಯಿತು. ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರ 2022ರಲ್ಲಿ ತಂದ ಕರಡು ಎಚ್ಚರಿಕೆಯ ಬದಲು ನಕ್ಷತ್ರಗಳನ್ನು ಕೊಡುವಂಥದ್ದು. 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಮೂರು ತಿಂಗಳ ಗಡುವು ಕೊಟ್ಟು ಸರಿಯಾದ ಶಿಫಾರಸು ತನ್ನಿ ಎಂದು ಹೇಳಬೇಕಾಯಿತು. ಶಾಲೆಯ 50 ಮೀಟರ್ ಒಳಗೆ ಇಂಥ ತಿನಿಸು ಮಾರಬಾರದು ಎಂಬ ನಿಯಮ 2020ರಿಂದಲೇ ಇದೆ. ಶಿರಸಿಯ ಯಾವ ಶಾಲೆಯ ಗೇಟಿನ ಎದುರು ನಿಂತು ನೋಡಿದರೂ ಆ ನಿಯಮದ ಬೆಲೆ ಎಷ್ಟೆಂದು ತಿಳಿಯುತ್ತದೆ.

ತೂಕ ಇಳಿಸುವ ಚುಚ್ಚುಮದ್ದಿನ ಮಾತೂ ಈಗ ಪೇಟೆಯಲ್ಲಿ ಕೇಳುತ್ತಿದೆ. 2025ರ ಮಾರ್ಚಿನಲ್ಲಿ ಮೌಂಜಾರೊ, ಜೂನಿನಲ್ಲಿ ವೆಗೋವಿ ಭಾರತದ ಮಾರುಕಟ್ಟೆಗೆ ಬಂದವು. ಉಪ್ಪಾಗೆ ಮಾತ್ರೆಯಂತಲ್ಲದೆ ಇವು ನಿಜಕ್ಕೂ ಹಸಿವು ತಗ್ಗಿಸಿ ತೂಕ ಇಳಿಸುತ್ತವೆ. ಬಿಡುಗಡೆಯಾದಾಗ ಮೌಂಜಾರೊದ ಆರಂಭಿಕ ಡೋಸಿಗೇ ತಿಂಗಳಿಗೆ 14 ಸಾವಿರ ರೂಪಾಯಿ. ನಿಲ್ಲಿಸಿದರೆ ಇಳಿದ ತೂಕದ ಬಹುಪಾಲು ಮರಳಿ ಬರುತ್ತದೆ. ತೀವ್ರ ಬೊಜ್ಜಿನಿಂದ ಸಂಕಟಪಡುವವರಿಗೆ ತಜ್ಞ ವೈದ್ಯರ ಕಣ್ಗಾವಲಿನಲ್ಲಿ ಇದು ದೊಡ್ಡ ಆಸರೆ. ಮದುವೆಗೆ ಮೊದಲು ಐದು ಕಿಲೋ ಇಳಿಸುವವರಿಗಲ್ಲ. ಥೈರಾಯ್ಡ್ ತೊಂದರೆ, ಅಂಡಾಶಯದ ಪಿಸಿಓಎಸ್, ಕೆಲವು ಮನೋರೋಗದ ಮತ್ತು ಸ್ಟೀರಾಯ್ಡ್ ಮಾತ್ರೆಗಳು, ಮನೆತನದಿಂದ ಬಂದ ದೇಹಪ್ರಕೃತಿ, ಇವುಗಳಿಂದ ದಪ್ಪಗಾದವರನ್ನು ತಿಂದೇ ಹೀಗಾದರು ಎಂದು ಆಡಿಕೊಳ್ಳುವುದನ್ನೂ ನಿಲ್ಲಿಸಬೇಕು. ಹಂಗಿಸಿ ಯಾರನ್ನೂ ಸಣ್ಣ ಮಾಡಲು ಆಗಿಲ್ಲ, ಅವಮಾನಗೊಂಡವರು ಆಸ್ಪತ್ರೆಗೆ ಹೋಗುವುದನ್ನೇ ಬಿಟ್ಟಿದ್ದಾರೆ.

ಎಲೆಯಡಿಕೆಯ ಕವಳದ ಬಗ್ಗೆಯೂ ಒಂದು ಅಪ್ರಿಯ ಸತ್ಯ. ಅಡಿಕೆ ಜಗಿಯುವುದಕ್ಕೂ ಹೊಟ್ಟೆಯ ಬೊಜ್ಜಿಗೂ ನಂಟಿದೆ ಎಂದು ತೈವಾನಿನ ಅಧ್ಯಯನಗಳು ತೋರಿಸಿವೆ. ಅಡಿಕೆಯಿಂದಲೇ ಬದುಕುವ ಊರಿನಲ್ಲಿ ಇದನ್ನು ಹೇಳುವುದು ಕಷ್ಟ. ಆದರೂ ಬೆಳೆಗಾರರ ಮನೆಯವರ ಆರೋಗ್ಯಕ್ಕೆ ಸಂಬಂಧಿಸಿದ್ದನ್ನು ಬೆಳೆಗಾರರಿಂದ ಮುಚ್ಚಿಡುವುದು ಸರಿಯಲ್ಲ.

ಹಾಗಾದರೆ ಏನು ಮಾಡಬೇಕು? ಊಟದಿಂದಲೇ ಆರಂಭಿಸುವುದು ವಾಸಿ, ಅಲ್ಲಿ ಹೊಸದೇನೂ ತರಬೇಕಿಲ್ಲ. ತಂಬುಳಿಗೆ ಅನ್ನ ಕಲಸುವ ಬದಲು ತಂಬುಳಿಯನ್ನು ಲೋಟದಲ್ಲಿ ಕುಡಿಯಬಹುದು. ಎಲೆಯಲ್ಲಿ ಮೊದಲು ಪಲ್ಯ, ಕೋಸಂಬರಿ ಬಂದು, ಅನ್ನ ಆಮೇಲೆ, ಅರ್ಧ ಅಳತೆಯಲ್ಲಿ ಬರಲಿ. ಮೊಳಕೆ ಹೆಸರು, ಹುರುಳಿ, ಅಲಸಂದೆ ಹುಳಿಗೆ ಧಾರಾಳವಾಗಿ ಬೀಳಲಿ. ರಾತ್ರಿಯೂಟ ಒಂಬತ್ತೂವರೆಯ ಧಾರಾವಾಹಿ ಮುಗಿದ ಮೇಲಲ್ಲ, ಏಳೂವರೆಗೆ. ಇನ್ನು ನಡಿಗೆ. ಗಂಡಸರು ಹೊರಗಿನ ಕೆಲಸಕ್ಕೆ ಹೋಗಿ ನಾಲ್ಕು ಹೆಜ್ಜೆ ನಡೆದಾರು, ಮನೆಯ ಹೆಂಗಸರಿಗೆ ಆ ಅವಕಾಶವೂ ಕಡಿಮೆ. 2022ರಲ್ಲಿ ಭಾರತದ ವಯಸ್ಕ ಹೆಂಗಸರಲ್ಲಿ ಶೇ. 57ರಷ್ಟು, ಗಂಡಸರಲ್ಲಿ ಶೇ. 42ರಷ್ಟು ಮಂದಿಗೆ ದೇಹಕ್ಕೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ ಎಂದು ಲ್ಯಾನ್ಸೆಟ್ ಬಳಗದ ಪತ್ರಿಕೆಯ ಅಧ್ಯಯನ ಹೇಳಿದೆ. ಊರಿನ ಹೆಂಗಸರು ಸಂಜೆ ನಾಲ್ಕು ಜನ ಕೂಡಿ ರಸ್ತೆಯಲ್ಲಿ ನಡೆದರೆ ಕೆಲಸವಿಲ್ಲದವರು ಎನ್ನುವ ನಾಲಿಗೆಗಳಿಗೆ ಕಿವಿಗೊಡಬಾರದು. ಮಳೆಗಾಲದಲ್ಲಿ ಅಡಿಕೆ ಅಟ್ಟ, ಉದ್ದ ಜಗಲಿ, ಶಾಲೆಯ ಸಭಾಭವನ ನಡಿಗೆಗೆ ಸಾಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆದರೆ ವಿಶ್ವ ಆರೋಗ್ಯ ಸಂಸ್ಥೆಯ ಕನಿಷ್ಠ ಅಳತೆ ಮುಟ್ಟಿತು. ನಡಿಗೆಯೊಂದರಿಂದಲೇ ತೂಕ ಇಳಿಯುವುದು ಕಷ್ಟ, ಒಂದು ಗಂಟೆ ನಡೆದರೆ ಖರ್ಚಾಗುವುದು ಸುಮಾರು 200ರಿಂದ 250 ಕ್ಯಾಲೊರಿ, ಒಂದು ತಟ್ಟೆ ಬಜ್ಜಿ ಅದನ್ನು ಅಳಿಸಿಹಾಕುತ್ತದೆ. ಆದರೆ ಸಕ್ಕರೆ, ರಕ್ತದೊತ್ತಡ, ನಿದ್ದೆ, ಮನಸ್ಸು ನಾಲ್ಕಕ್ಕೂ ನಡಿಗೆಯಿಂದ ಆಗುವ ಒಳಿತು ತೂಕದ ಯಂತ್ರದಲ್ಲಿ ಕಾಣದಿದ್ದರೂ ಆಗುತ್ತದೆ.

ಸಹಕಾರ ಈ ಸೀಮೆಯ ಬಲ. 1923ರಲ್ಲಿ ಹುಟ್ಟಿದ ಶಿರಸಿಯ ತೋಟಗಾರರ ಸೊಸೈಟಿ ಟಿಎಸ್‌ಎಸ್‌ನಿಂದ ಹಿಡಿದು ಹಳ್ಳಿಯ ಸೇವಾ ಸಹಕಾರಿ ಸಂಘದವರೆಗೆ, ಅಡಿಕೆ ಮಾರುವ ಸದಸ್ಯರು ದಿನಸಿ ಕೊಳ್ಳುವುದೂ ಬಹುಪಾಲು ಅಲ್ಲೇ. ಈ ಸಂಘಗಳು ಸದಸ್ಯರ ಸಭೆಗಳಲ್ಲಿ ಸಕ್ಕರೆ ಮತ್ತು ಬಿಪಿ ತಪಾಸಣೆ ಇಡಬಹುದು, ಬೇಳೆಕಾಳನ್ನು ರಿಯಾಯಿತಿಯಲ್ಲಿ ಕೊಡಬಹುದು, ಸಭೆಯ ಊಟದಲ್ಲಿ ಎರಡು ಸಿಹಿಯ ಜಾಗದಲ್ಲಿ ಒಂದು ಮಾಡಬಹುದು. ಸರ್ಕಾರದ ಕಡೆಯಿಂದ ಗೃಹ ಆರೋಗ್ಯ ಯೋಜನೆ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಶುರುವಾಗಿ ಮರುವರ್ಷ ರಾಜ್ಯಕ್ಕೆಲ್ಲ ವಿಸ್ತರಿಸಿದೆ, 30 ದಾಟಿದವರನ್ನು ಮನೆಬಾಗಿಲಲ್ಲೇ ತಪಾಸಣೆ ಮಾಡಬೇಕೆಂಬುದು ಅದರ ಉದ್ದೇಶ. ಗುಡ್ಡದ ಬುಡದ ಒಂಟಿ ಮನೆಗಳಿಗೆ, ಸಿದ್ದಿ ಕೇರಿಗಳಿಗೆ ಅದು ನಿಜಕ್ಕೂ ತಲುಪುತ್ತಿದೆಯೇ ಎಂದು ಪಂಚಾಯಿತಿ ಸದಸ್ಯರು ಕೇಳಬೇಕು. ಹೃದಯಾಘಾತವಾದರೆ ಹುಬ್ಬಳ್ಳಿಗೋ ಮಣಿಪಾಲಕ್ಕೋ ಓಡಬೇಕಾದ, ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಗಾಗಿ ವರ್ಷಗಳಿಂದ ಕೂಗುತ್ತಿರುವ ಜಿಲ್ಲೆ ಇದು. ಆಸ್ಪತ್ರೆಯ ಹೋರಾಟ ನಡೆಯಲೇಬೇಕು, ಆಸ್ಪತ್ರೆ ದೂರವಿರುವ ಊರಿಗೆ ಕಾಯಿಲೆ ಬಾರದಂತೆ ತಡೆಯುವ ಕೆಲಸ ಇನ್ನೂ ತುರ್ತಿನದು.

ಮಕ್ಕಳ ವಿಷಯದಲ್ಲಿ ಕಾಯುವುದಕ್ಕೆ ಸಮಯವಿಲ್ಲ. ದೇಶದ ಐದು ವರ್ಷದೊಳಗಿನ ಮಕ್ಕಳಲ್ಲಿ ಅತಿತೂಕದವರು ಎರಡು ಸಮೀಕ್ಷೆಗಳ ನಡುವೆ ಶೇ. 2.1ರಿಂದ 3.4ಕ್ಕೆ ಏರಿದ್ದಾರೆ. ಒಂದೆರಡು ಕಿಲೋಮೀಟರ್ ದೂರದ ಶಾಲೆಗೆ ವ್ಯಾನು ಬೇಡ, ಕೇರಿಯ ಮಕ್ಕಳು ಗುಂಪಾಗಿ ನಡೆಯಲಿ. ಆಟದ ಪಿರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುವುದು ನಿಲ್ಲಲಿ. ಟಿಫಿನ್ ಡಬ್ಬಿಯಲ್ಲಿ ಪೊಟ್ಟಣದ ಬಿಸ್ಕತ್ತಿನ ಬದಲು ಹಿತ್ತಲ ಬಾಳೆಹಣ್ಣು, ಬೇಯಿಸಿದ ಶೇಂಗಾ ಇರಲಿ.

ಮುಂದಿನ ಗ್ರಾಮಸಭೆಯಲ್ಲಿ ಶಾಲೆಯ ಎದುರಿನ ಪೊಟ್ಟಣದಂಗಡಿ, ಗೃಹ ಆರೋಗ್ಯದ ಭೇಟಿ ಎರಡನ್ನೂ ಕೇಳಿ ಠರಾವು ಬರೆಸಿ. ಅದಕ್ಕೂ ಮೊದಲು, ಹೊಲಿಗೆ ಪೆಟ್ಟಿಗೆಯ ಅಳತೆ ಟೇಪು ತೆಗೆದು ಮನೆಯ ದೊಡ್ಡವರೆಲ್ಲ ಸೊಂಟ ಅಳೆದುಕೊಳ್ಳಿ. ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದ್ದರೆ, ಮೈ ಎಷ್ಟೇ ಸಣ್ಣಗೆ ಕಂಡರೂ, ಈ ವಾರವೇ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ ಸಕ್ಕರೆ ಮತ್ತು ರಕ್ತದೊತ್ತಡ ಪರೀಕ್ಷೆ ಮಾಡಿಸಿಕೊಳ್ಳಿ.